ಒಂದು ಗುಂಟೆಗೆ ಒಂದು ಇಂಚು

ಕದರಮಂಡಲಗಿಯ ನಮ್ಮ ಮನೆಯ ಹಿತ್ತಲಲ್ಲಿ ಈ ಬೇಸಿಗೆ ನಾಲ್ಕು ಮಡಿ ಕಟ್ಟಿಸಿದೆ. ಇಟ್ಟಂಗಿ ಗೋಡೆ ಎದ್ದು ನಿಂತಿತು, ಒಳಗೆ ತುಂಬಲು ಮಣ್ಣು ಬೇಕಿತ್ತು. ಮಣ್ಣು ಹೇರುವವರು ಬಂದು ಬಾಗಿಲಲ್ಲೇ ನಿಂತು ಒಮ್ಮೆ ನೋಡಿ, ‘ನಾಲ್ಕು ಟ್ರಿಪ್ ಬೇಕಾಗ್ತೈತ್ರಿ’ ಎಂದರು. ನಾನೂ ಕಾಗದದ ಮೇಲೆ ಗುಣಿಸಿ ನೋಡಿದೆ. ನನ್ನ ಲೆಕ್ಕವೂ ಅಲ್ಲಿಗೇ ಬಂದು ನಿಂತಿತು. ಎರಡು ಲೆಕ್ಕ ಒಂದಾದವಲ್ಲ ಎಂದು ಸಮಾಧಾನವಾಗಿದ್ದೆ.

ಅವತ್ತು ಶನಿವಾರ. ಇಲ್ಲಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರೂ ಹನುಮಪ್ಪರನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ಕಂಡು ಬರಬೇಕೆಂಬ ನಂಬಿಕೆಯವರು ಬೆಳಗಾಗುತ್ತಲೇ ಊರಿಗೆ ಬಂದಿಳಿದಿದ್ದರು. ಗಾಡಿಗಳ ಗದ್ದಲ ಇಳಿಯುವವರೆಗೆ ಟ್ರ್ಯಾಕ್ಟರ್ ನಮ್ಮ ಓಣಿಗೆ ಬರುವಂತಿರಲಿಲ್ಲ. ಗುಡಿಯಿಂದ ಬಂದ ಕಾಕಾ ಹಿತ್ತಲ ಕಟ್ಟೆಯ ಮೇಲೆ ಕೂತರು. ಟ್ರ್ಯಾಕ್ಟರ್ ಬರುವವರೆಗೆ ನಡೆದ ಮಾತನ್ನು ನೆನಪಿದ್ದಷ್ಟು ಇಲ್ಲಿ ಬರೆದಿದ್ದೇನೆ.

ಕಾಕಾ: ನಾಲ್ಕು ಟ್ರಿಪ್? ಎಷ್ಟು ದೊಡ್ಡ ಮಡಿ ಕಟ್ಟಿಸಿದಿಯವ್ವಾ?

ನಾನು: ಒಂದೊಂದೂ 10 ಫೂಟು ಉದ್ದ, 4 ಫೂಟು ಅಗಲ, ಒಂದೂವರಿ ಫೂಟು ಎತ್ತರ ಕಾಕಾ. ಗುಣಿಸಿದ್ರ 60 ಘನ ಫೂಟು. ನಾಲ್ಕಕ್ಕ 240. ಟ್ರೇಲರ್‌ನ್ಯಾಗ 90 ಹಿಡಿತೈತಂತ. ಮೂರು ಟ್ರಿಪ್ ಬೇಕ ಬೇಕು. ಮಣ್ಣು ಕುಂದರ್ತೈತಿ, ಇನ್ನೊಂದು ಹೆಚ್ಚಿಗಿ ಇರಲಿ ಅಂತ ನಾಲ್ಕು.

ಕಾಕಾ: ಗುಣಾಕಾರ ಸರಿ ಐತಿ. ಟೇಪು ಎಲ್ಲಿ ಹಿಡಿದಿದ್ದಿ?

ನಾನು: ಗ್ವಾಡಿ ಮ್ಯಾಲ. ಈ ತುದಿಯಿಂದ ಆ ತುದಿಗೆ.

ಕಾಕಾ: ಇಟ್ಟಂಗಿಯೊಳಗ ಮಣ್ಣು ತುಂಬೋದಿಲ್ಲಲ್ಲ. ಒಳಗ ಹಿಡಿದು ನೋಡು.

ಹಿಡಿದು ನೋಡಿದೆ. ಅರ್ಧ ಇಟ್ಟಂಗಿಯ ಗೋಡೆ ನಾಲ್ಕೂವರೆ ಇಂಚು ದಪ್ಪ. ಎರಡು ಕಡೆ ಸೇರಿ 9 ಇಂಚು. ಒಳಗಿನ ಉದ್ದ 9 ಅಡಿ 3 ಇಂಚು, ಅಗಲ 3 ಅಡಿ 3 ಇಂಚು. 40 ಚದರ ಅಡಿ ಎಂದುಕೊಂಡಿದ್ದ ಮಡಿ 30 ಚದರ ಅಡಿಗೆ ಇಳಿಯಿತು. ಗಾರೆ ಹಸಿಯಿರುವಾಗಿನಿಂದ ದಿನಾ ನೋಡುತ್ತಿದ್ದ ಗೋಡೆ ಅದು. ಅದರ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೊಳೆದೇ ಇರಲಿಲ್ಲ.

ನಾನು: ನಾಲ್ಕರಾಗ ಒಂದು ಪಾಲು ಗ್ವಾಡೀನ ತಿಂದು ಬಿಡ್ತಲ್ರಿ.

ಕಾಕಾ: ಉದ್ದದಾಗ 9 ಇಂಚು ಹೋದ್ರ ಏನೂ ಅಲ್ಲ. ಅಗಲದಾಗ 9 ಇಂಚು ಹೋದ್ರ ಹತ್ತತ್ರ ಐದರಾಗ ಒಂದು ಪಾಲು ಹೋದಂಗ. ಮಡಿ ಸಣ್ಣದಾದಷ್ಟೂ ಗ್ವಾಡಿ ಹೆಚ್ಚು ತಿಂತೈತಿ. ಈಗ ಒಟ್ಟು ಎಷ್ಟಾತು?

ನಾನು: ನಾಲ್ಕು ಮಡಿ 120 ಚದರ ಫೂಟು. ಒಂದೂವರಿ ಫೂಟು ಎತ್ತರಕ್ಕ 180. ಸರಿಯಾಗಿ ಎರಡು ಟ್ರಿಪ್!

ಕಾಕಾ: ತಡಿ, ಇನ್ನೂ ಮುಗದಿಲ್ಲ. ಗ್ವಾಡಿ ಅಂಚಿನತನಕ ಮಣ್ಣು ತುಂಬಿದ್ರ ನೀರು ಎಲ್ಲಿ ನಿಂದರಬೇಕು? ಮೊದಲನೇ ದೊಡ್ಡ ಮಳಿಗೆ ಗೊಬ್ಬರ ಸಮೇತ ಹರಿದು ಅಂಗಳಕ್ಕ ಬರ್ತೈತಿ. ಮ್ಯಾಲ 2 ಇಂಚು ಖಾಲಿ ಬಿಡು. ಬ್ಯಾಸಗ್ಯಾಗ ಅಲ್ಲೇ ಒಣ ಎಲಿ, ಶೇಂಗಾ ಹೊಟ್ಟು ಹಾಸಾಕೂ ಜಾಗ ಬೇಕು. ಇನ್ನೊಂದು ಮಾತು. ಒಂದೂವರಿ ಫೂಟು ಯಾಕ ಕಟ್ಟಿಸಿದಿ?

ನಾನು: ಎತ್ತರ ಇದ್ರ ಬಗ್ಗೋದು ಕಮ್ಮಿ ಅಂತ. ಅವ್ವಗ ಮೊಣಕಾಲು ನೋವು, ಅಕಿ ಗ್ವಾಡಿ ಮ್ಯಾಲ ಕೂತು ಕಳೆ ಕೀಳಬಹುದು.

ಕಾಕಾ: ಅದು ಛಲೋ ವಿಚಾರ. ಆದ್ರ ಗ್ವಾಡಿ ಎತ್ತರ ಅವ್ವನ ಮೊಣಕಾಲಿಗೆ, ಮಣ್ಣಿನ ಆಳ ಗಿಡದ ಬೇರಿಗೆ. ಇವೆರಡು ಬ್ಯಾರೆ ಬ್ಯಾರೆ ಲೆಕ್ಕ. ಏನೇನು ಹಚ್ಚತಿ?

ನಾನು: ಎರಡು ಮಡಿಗೆ ಮೆಣಸಿನ ಅಗಿ. ಒಂದರಾಗ ಬದನಿ, ಟೊಮೆಟೊ. ಇನ್ನೊಂದರಾಗ ಮೆಂತ್ಯೆ, ಕೊತ್ತಂಬರಿ, ಒಂದು ಸಾಲು ಗಜ್ಜರಿ.

ಕಾಕಾ: ಮೆಂತ್ಯೆ ಕೊತ್ತಂಬರಿಗೆ ಒಂದು ಗೇಣು ಮಣ್ಣು ಸಾಕು ಸಾಕು. ಮೆಣಸಿನ ಗಿಡದ ಬೇರು ಬಹಳಷ್ಟು ಮ್ಯಾಲಿನ ಒಂದು ಫೂಟಿನೊಳಗ ಇರ್ತಾವು. ಬದನಿ, ಟೊಮೆಟೊ ಇನ್ನೊಂದಿಷ್ಟು ಕೆಳಗ ಹೋಗ್ತಾವು. ಅವಕ್ಕ ಕೆಳಗಿನ ನೆಲ ಐತಲ್ಲ. ಈ ಮಡಿಗೇನು ತಳ ಕಟ್ಟಿಸಿಲ್ಲಲ್ಲ?

ನಾನು: ಇಲ್ರಿ. ಕೆಳಗ ನೆಲಾನ ಐತಿ. ಗಟ್ಟಿ ನೆಲ. ಮನಿ ಕಟ್ಟುವಾಗ ಅಲ್ಲೇ ಖಡಿ, ಉಸುಕು ಇಳಿಸಿದ್ರು.

ಕಾಕಾ: ಹಂಗಾದ್ರ ಮಣ್ಣು ತುಂಬೂಕಿಂತ ಮೊದಲು ಪಿಕಾಸಿ ತಗೊಂಡು ಒಳಗ ಒಂದು ಗೇಣು ಅಗಿಸು. ಖಡಿ ಚೂರು, ಸಿಮೆಂಟಿನ ಹಳಕು ಆರಿಸಿ ತಗಿ. ಒಂದು ದಿನದ ಕೆಲಸ. ಗೇಣು ಆಳ ಸಡಲ ಆದ್ರ ಅಷ್ಟು ಮಣ್ಣು ನಿನಗ ಪುಕ್ಕಟ ಸಿಕ್ಕಂಗ. ಗಟ್ಟಿ ನೆಲದ ಮ್ಯಾಲ ಸುಮ್ನ ಸುರಿದ್ರ ಮ್ಯಾಲಿನ ಮಣ್ಣು ಬ್ಯಾರೆ, ಕೆಳಗಿನ ನೆಲ ಬ್ಯಾರೆ ಆಗಿ ಉಳಿತಾವು. ನೀರು ನಡಕ ನಿಂದರ್ತೈತಿ, ಬೇರು ಅಲ್ಲೇ ಹೊಳ್ಳತಾವು.

ನಮ್ಮ ಕಡೆ ಮೆಣಸಿನ ಅಗಿ ಎಬ್ಬಿಸುವ ಮಡಿಯನ್ನು ನೆನೆಸಿಕೊಂಡರೆ ಕಾಕಾ ಹೇಳಿದ್ದು ತಟ್ಟನೆ ಅರ್ಥವಾಗುತ್ತದೆ. ಅದಕ್ಕೆ ಗೋಡೆಯಿಲ್ಲ, ಕೊಂಡು ತಂದ ಮಣ್ಣಿಲ್ಲ. ನೆಲವನ್ನೇ ಹದ ಮಾಡಿ, ಗೊಬ್ಬರ ಬೆರೆಸಿ, ನಾಲ್ಕಾರು ಬೆರಳು ಏರಿಸಿರುತ್ತಾರೆ. ಅಗಲ ಮಾತ್ರ ನಾಲ್ಕು ಅಡಿ ದಾಟುವುದಿಲ್ಲ, ಎರಡೂ ಕಡೆಯಿಂದ ಕೈ ನಡುವಿಗೆ ಮುಟ್ಟಬೇಕಲ್ಲ.

ನಾನು: ಅಂದ್ರ 12 ಇಂಚು ಮಣ್ಣು ಸಾಕು ಅಂತೀರಿ. ಮ್ಯಾಲ 2 ಇಂಚು ಖಾಲಿ. ಕೆಳಗಿನ 4 ಇಂಚು?

ಕಾಕಾ: ಗೋವಿನಜೋಳದ ದಂಟು ತುಂಡು ಮಾಡಿ ಹಾಕು. ನಮ್ಮ ಹೊಲದಾಗ ಬಣವಿ ಬಿದ್ದೈತಿ. ಮೆಣಸಿನ ಕಟ್ಟಿಗಿ ಹಾಕಬ್ಯಾಡ, ಅದೇ ಜಾತಿ ಗಿಡದ ರೋಗ ಅದರಾಗ ಉಳಿದಿರ್ತೈತಿ. ದಂಟಿನ ಮ್ಯಾಲ ಸಗಣಿ ಬಗ್ಗಡ ಚೆಲ್ಲು. ಒಣ ದಂಟು ಕೊಳಿವಾಗ ಮಣ್ಣಿನ ಸಾರಜನಕ ಎಳಕೊಂತೈತಿ, ಗಿಡ ಹಳದಿ ಆಗ್ತಾವು. ಸಗಣಿ ಇದ್ರ ಆ ಪೆಟ್ಟು ಕಮ್ಮಿ. ಎರಡು ಮಳಿಗಾಲದಾಗ ಆ 4 ಇಂಚು ಕರಗಿ 1 ಇಂಚು ಉಳಿತೈತಿ. ಕರಗಲಿ. ವರ್ಷಾ ಮ್ಯಾಲ ಗೊಬ್ಬರ ಹಾಕ್ತಿಯಲ್ಲ, ಆ ಜಾಗ ಅದಕ್ಕ.

ನಾನು: 12 ಇಂಚು ಅಂದ್ರ 1 ಫೂಟು. 120 ಚದರ ಫೂಟಿಗೆ 120 ಘನ ಫೂಟು. ಇಷ್ಟ ತಂದ್ರ ಸಾಕೇನ್ರಿ?

ಕಾಕಾ: ಸಾಲೂದಿಲ್ಲ. ಈಗ ಬಂತು ನೋಡು ನಿನ್ನ ‘ಕುಂದರೋ’ ಮಾತು. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ತುಂಬೋದು ನೋಡೀಯಲ್ಲ?

ನಾನು: ನೋಡೀನ್ರಿ. ಒಳಗ ಒಬ್ರು ನಿಂತು ತುಳಿತಾರ.

ಕಾಕಾ: ತುಳಿದಂಗ ತುಳಿದಂಗ ಇನ್ನಷ್ಟು ಹಿಡಿತೈತಿ. ಕಾಯಿ ಹೆಚ್ಚಾಗಲಿಲ್ಲ, ನಡಕಿನ ಗಾಳಿ ಹೋತು. ಮಣ್ಣೂ ಹಂಗ. ಜೆಸಿಬಿ ಅಗದು ಟ್ರೇಲರಿಗೆ ಸುರಿದಾಗ ಹೆಂಟಿ ಹೆಂಟಿ ನಡಕ ಗಾಳಿ ತುಂಬಿರ್ತೈತಿ. ನೀ ರೊಕ್ಕ ಕೊಡೋದು ಆ ಗಾಳಿಗೂ ಸೇರಿ. ಮಡಿಗೆ ಹಾಕಿ ನಾಲ್ಕು ಸಲ ನೀರು ಬಿಟ್ರ ಗಾಳಿ ಹೋಗ್ತೈತಿ, ಮಣ್ಣು ಇಳಿತೈತಿ. ಇನ್ನೊಂದು ಐತಿ. ಅಡಗಿಮನಿಗೆ ಹೋಗು. ಒಂದು ಸೇರು ಶೇಂಗಾ, ಒಂದು ಸೇರು ರವೆ ತಗೊಂಡು ಕೂಡಿಸಿ ಅಳಿ.

ಅಳೆದು ನೋಡಿದೆ. ಎರಡು ಸೇರು ಆಗಲಿಲ್ಲ. ರವೆ ಶೇಂಗಾಕಾಳಿನ ಸಂದುಗಳಲ್ಲಿ ಇಳಿದು ಕೂತಿತ್ತು. ಎರಡನೆಯ ಸೇರು ತುಂಬದೆ ಉಳಿಯಿತು. ಮಣ್ಣು, ಗೊಬ್ಬರ, ಉಸುಕು ಬೆರೆಸುವವರು ಮೂರನ್ನೂ ಬೇರೆ ಬೇರೆ ಅಳೆದು ಕೂಡಿಸಿ ಇಷ್ಟಾಯಿತು ಎಂದುಕೊಳ್ಳುತ್ತಾರೆ. ಬೆರೆಸಿದ ಮೇಲೆ ರಾಶಿ ಸಣ್ಣದಾಗುತ್ತದೆ. ಕೊಟ್ಟವರು ಮೋಸ ಮಾಡಿದರೆಂಬ ಅನುಮಾನಕ್ಕೂ ಅದೇ ಮೂಲ. ಎಲ್ಲ ಸಲವೂ ಮೋಸ ಆಗಿರುವುದಿಲ್ಲ.

ಕಾಕಾ: ಅದಕ್ಕ, ಕುಂತ ಮ್ಯಾಲ 120 ಬೇಕು ಅಂದ್ರ, ಬೆರಸೂಕಿಂತ ಮೊದಲು 150 ಗುಡ್ಡಿ ಹಾಕಬೇಕು. ಕಾಲು ಪಾಲು ಹೆಚ್ಚಿಗಿ. ಆದ್ರ ಆ 150 ಎಲ್ಲಾ ಕೊಳ್ಳೋ ಮಣ್ಣಲ್ಲ. ಗೊಬ್ಬರ ಎಷ್ಟು ಐತಿ?

ನಾನು: ತಿಪ್ಪ್ಯಾಗ ಹೋದ ವರ್ಷದ್ದು ಐತಿ. ಅಳೀಲಿಕ್ಕೆ ಹೆಂಗ ಬರ್ತೈತಿ?

ಕಾಕಾ: ಖಾಲಿ ಸಿಮೆಂಟ್ ಚೀಲ ಬೇಕಾದಷ್ಟು ಅದಾವಲ್ಲ. ಒಂದು ಚೀಲ ಸಿಮೆಂಟ್ ಅಂದ್ರ ಗೌಂಡಿಗಳ ಲೆಕ್ಕದಾಗ ಒಂದೂಕಾಲು ಘನ ಫೂಟು. ಗೊಬ್ಬರ 32 ಚೀಲ ಆದ್ರ 40 ಘನ ಫೂಟು ಆತು. ನಾಲ್ಕರಾಗ ಒಂದು ಪಾಲಿಗಿಂತ ಒಂದಿಷ್ಟು ಹೆಚ್ಚು, ಅಷ್ಟಿರಲಿ. ಕೈಯಾಗ ಹಿಡಿದು ನೋಡು. ಸಗಣಿ ವಾಸನಿ ಹೋಗಿ ಮಳಿ ಬಿದ್ದ ಮಣ್ಣಿನ ವಾಸನಿ ಬಂದಿರಬೇಕು. ಹಸಿ ಇದ್ರ ಗೊಣ್ಣಿಹುಳ ಕರಕೊಂಡು ಬರ್ತೈತಿ. ಅದು ಮೆಣಸಿನ ಬೇರನ್ನ ಕಡಿದು ಹಾಕ್ತೈತಿ.

ನಾನು: ಇನ್ನ 110 ಉಳಿತು.

ಕಾಕಾ: ಮಡಿ ನಡಕ ಓಡಾಡೂ ದಾರಿ ಐತಲ್ಲ, ಮೂರು. ಎಷ್ಟು ಅಗಲ?

ನಾನು: 2 ಫೂಟು. ಉದ್ದ 10. ಮೂರೂ ಸೇರಿ 60 ಚದರ ಫೂಟು.

ಕಾಕಾ: ಅಲ್ಲಿ 4 ಇಂಚು ಮ್ಯಾಲಿನ ಮಣ್ಣು ಎತ್ತು. ಕಾಲಡಿ ಇರೋ ದಾರಿಗೆ ಛಲೋ ಮಣ್ಣು ಯಾಕ ಬೇಕು? 60 ಚದರ ಫೂಟಿಗೆ 4 ಇಂಚು ಅಂದ್ರ 20 ಘನ ಫೂಟು. ನೆಲದಾಗಿದ್ದ 20 ಅಗದು ಹೊರಗ ತಗದ್ರ 25 ಆಗ್ತೈತಿ, ಗಾಳಿ ಹೊಕ್ಕೈತಲ್ಲ. ದಾರ್‍ಯಾಗ ಶೇಂಗಾ ಹೊಟ್ಟು ತುಂಬು, ಕೆಸರೂ ಆಗೂದಿಲ್ಲ. ಇನ್ನೆಷ್ಟು ಉಳಿತು?

ನಾನು: 85. ಕಾಕಾ, ಒಂದ ಟ್ರಿಪ್!

ಕಾಕಾ: ಒಂದ ಟ್ರಿಪ್.

ನಾಲ್ಕು ಒಂದಾಯಿತು. ಕಾಗದದ ಮೇಲೆ ನಾನು ಬರೆದಿಟ್ಟಿದ್ದ 240 ಹಾಗೇ ಇತ್ತು. ಅದರಲ್ಲಿ ಗೋಡೆಯ ದಪ್ಪವಿತ್ತು, ನೀರು ನಿಲ್ಲಬೇಕಾದ ಜಾಗವಿತ್ತು, ದಂಟಿನ ಜಾಗವಿತ್ತು, ನಮ್ಮದೇ ತಿಪ್ಪೆಯ ಗೊಬ್ಬರವಿತ್ತು, ನಮ್ಮದೇ ಹಿತ್ತಲ ಮಣ್ಣಿತ್ತು. ಇವೆಲ್ಲವನ್ನೂ ರೊಕ್ಕ ಕೊಟ್ಟು ತರಲು ಹೊರಟಿದ್ದೆ. ಆದರೂ ನನಗೆ ಒಂದು ಅಳುಕಿತ್ತು.

ನಾನು: ಕಮ್ಮಿ ಬಿದ್ರ ಏನ್ಮಾಡೂದ್ರಿ? ಟ್ರ್ಯಾಕ್ಟರ್ ಮತ್ತ ಕರಿಸೋದು ದೊಡ್ಡ ಕೆಲಸ. ಹೆಚ್ಚಾದ್ರ ಎಲ್ಲ್ಯಾರ ಇರ್ತೈತಿ.

ಕಾಕಾ: ‘ಎಲ್ಲ್ಯಾರ’ ಅಂದ್ರ ಎಲ್ಲೆ? ಓಣ್ಯಾಗ ಸುರಿತಿ. ರೋಹಿಣಿ ಮಳಿ ಬಂದ್ರ ಗಟಾರಕ್ಕ ಹೋಗ್ತೈತಿ. ಒಂದು ಲೆಕ್ಕ ಹೇಳ್ತೀನಿ, ಕೇಳು. ಗುಂಟೆ ಅಂದ್ರ ಎಷ್ಟು?

ನಾನು: 33 ಫೂಟು ಉದ್ದ, 33 ಅಗಲ. 1089 ಚದರ ಫೂಟು.

ಕಾಕಾ: ಅದರ ಮ್ಯಾಲ ಒಂದು ಇಂಚು ಮಣ್ಣು ಹಾಸಬೇಕು. 12ರಲೆ ಭಾಗಿಸು.

ನಾನು: 90... 90 ಮುಕ್ಕಾಲು.

ಕಾಕಾ: ಟ್ರೇಲರ್ 10 ಫೂಟು ಉದ್ದ, 6 ಅಗಲ, ಒಂದೂವರಿ ಎತ್ತರ. 90. ಒಂದು ಗುಂಟೆಗೆ ಒಂದು ಇಂಚು ಅಂದ್ರ ಒಂದು ಟ್ರಿಪ್. ಎಕರೆಗೆ 40 ಟ್ರಿಪ್. ಈ ಲೆಕ್ಕ ನನಗ ಯಾರೂ ಹೇಳಿಕೊಡಲಿಲ್ಲ. ವಿಶ್ವಬ್ಯಾಂಕಿನ ರೊಕ್ಕದಾಗ ಕೆರಿ ಸಂಘಗಳು ಆದವಲ್ಲ, 2002ರ ಯೋಜನಾ, ನಮ್ಮ ಹಾವೇರಿ ಜಿಲ್ಲಾನೂ ಅದರಾಗಿತ್ತು. ಕೆರಿ ಹೂಳು ಎತ್ತುವಾಗ ರೈತರು ತಮ್ಮ ಖರ್ಚಿನ್ಯಾಗ ಹೊಲಕ್ಕ ಹೇರಿಕೊಂಡ್ರು. ಆಗ ನಾನೂ ಎರಡು ಎಕರೆ ಮಸಾರಿಗೆ ಹೊಡಿಸಿದೆ. ಹಗಲೆಲ್ಲಾ ಹೇರು, ಹೇರು. ಹತ್ತು ದಿನ ಆದ್ರೂ ಹೊಲ ನೋಡಿದ್ರ ಏನೂ ಕಾಣಂಗಿಲ್ಲ. ಬದುವಿನ ಮ್ಯಾಲ ಕೂತು ಲೆಕ್ಕ ಹಾಕಿದೆ. 80 ಟ್ರಿಪ್ ಬಿದ್ದ ಮ್ಯಾಲ ಸಿಕ್ಕಿದ್ದು ಒಂದ ಇಂಚು.

ನಾನು: 80 ಟ್ರಿಪ್ಪಿಗೆ ಒಂದು ಇಂಚು.

ಕಾಕಾ: ಆ ಒಂದು ಇಂಚಿಗೆ ಹೊಲ ನಾಲ್ಕೈದು ವರ್ಷ ಛಲೋ ಬೆಳಿ ಕೊಡ್ತು. ನೀರು ಹಿಡಿಯೋ ಗುಣ ಬಂತು ಮಸಾರಿಗೆ. ಈಗ ಅದನ್ನ ಹೊಳ್ಳಿಸಿ ನೋಡು. ನೀ ನಾಲ್ಕು ಟ್ರಿಪ್ ತರಸ್ತಿ ಅಂದ್ರ ಎಲ್ಲೋ ಒಬ್ಬರ ಹೊಲದಾಗ ನಾಲ್ಕು ಗುಂಟೆಯ ಮ್ಯಾಲಿನ ಒಂದು ಇಂಚು ಹೋತು. ಒಂದು ಇಂಚು ಮಣ್ಣು ಆಗಾಕ ನೂರಾರು ವರ್ಷ ಬೇಕು. ಹೆಚ್ಚಾದ್ರ ಎಲ್ಲ್ಯಾರ ಇರ್ತೈತಿ ಅಂದಿಯಲ್ಲ, ಅದು ಇರೋದಿಲ್ಲ ಮಗಳ. ಹೋಗ್ತೈತಿ.

ಕಾಕಾ ಇದನ್ನು ದನಿ ಏರಿಸದೆ ಹೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹೊಲದ ಮಣ್ಣು ಮಾರಿದವರನ್ನು ನಾವು ಕಂಡಿದ್ದೇವೆ. ಎರಡು ಅಡಿ ತೆಗೆದುಕೊಳ್ಳಲಿ, ಕೆಳಗೆ ಮಣ್ಣು ಇದ್ದೇ ಇದೆಯಲ್ಲ ಎಂದು ಕೊಟ್ಟವರು. ಕೆಳಗೆ ಇದ್ದದ್ದು ಗರಸು. ಬೆಳೆ ಮೊದಲಿನಂತೆ ಏಳಲಿಲ್ಲ, ನೆರೆಹೊಲದ ಮಳೆನೀರು ತಗ್ಗಿಗೆ ಬಂದು ನಿಲ್ಲತೊಡಗಿತು. ಕೊಂಡವರಿಗೆ ಅದು ಟ್ರಿಪ್ ಲೆಕ್ಕ, ಕೊಟ್ಟವರಿಗೂ ಟ್ರಿಪ್ ಲೆಕ್ಕ. ಇಂಚಿನ ಲೆಕ್ಕವನ್ನು ಇಬ್ಬರಲ್ಲಿ ಒಬ್ಬರಾದರೂ ಹಾಕಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ನಾನು: ಹಂಗಾದ್ರ ಯಾವ ಮಣ್ಣು ತರಬೇಕ್ರಿ? ನಿಮ್ಮ ಎರಿ ಹೊಲದ್ದು ತರಬಹುದಿತ್ತಲ್ಲ, ಒಂದು ಟ್ರಿಪ್ ಅಷ್ಟ.

ಕಾಕಾ: ಆ ತಪ್ಪು ನಾ ಮಾಡೀನಿ. ಹಳೀ ಮನಿ ಹಿತ್ತಲದಾಗ ಒಂದು ಮಡಿ ಕಟ್ಟಿ ಪೂರಾ ಎರಿ ಮಣ್ಣು ತುಂಬಿದೆ. ಹೊಲದಾಗ ಅಷ್ಟು ಛಲೋ ಬೆಳೀತೈತಿ, ಇಲ್ಲಿ ಯಾಕ ಬೆಳಿಬಾರದು ಅಂತ. ಮಳಿಗಾಲದಾಗ ನೀರು ನಿಂತು ಬದನಿ ಬೇರು ಕೊಳತು. ಬ್ಯಾಸಗ್ಯಾಗ ಮಣ್ಣು ಕುಗ್ಗಿ ಗ್ವಾಡಿ ಬಿಟ್ಟು ಸರಿತು, ಬೆರಳು ಹೋಗುವಷ್ಟು ಸಂದು. ಎಷ್ಟು ನೀರು ಬಿಟ್ರೂ ಆ ಸಂದಿನ್ಯಾಗ ಇಳಿದು ತಳಕ್ಕ ಹೋಗ್ತಿತ್ತು. ಮ್ಯಾಲ ನೀರು ಹರದದ್ದು ಕಾಣ್ತೈತಿ, ಗಿಡ ಬಾಡಿ ನಿಂತಾವು. ನಿಮ್ಮ ಕಾಕು ದಿನಾ ಕೊಡ ಹೊತ್ತು ದಣದ್ಲು.

ನಾನು: ಹೊಲದಾಗ ಹಿಂಗ ಯಾಕ ಆಗೂದಿಲ್ಲ?

ಕಾಕಾ: ಹೊಲದಾಗೂ ಬಿರುಕು ಬಿಡ್ತೈತಿ. ಆದ್ರ ಅಲ್ಲಿ ಆಳ ಐತಿ. ಮಳಿಗಾಲದ ನೀರು ಕೆಳಗ ಹಿಡಿದಿಟ್ಟು ಹಿಂಗಾರಿ ಜೋಳಕ್ಕ ಕೊಡ್ತೈತಿ. ಒಂದು ಫೂಟಿನ ಡಬ್ಬ್ಯಾಗ ಆ ಆಟ ನಡಿಯೂದಿಲ್ಲ. ಮಣ್ಣೆತ್ತು ಮಾಡ್ತಾರಲ್ಲ ಹುಡುಗ್ರು ಅಮಾಸಿಗೆ, ಹಸಿ ಇದ್ದಾಗ ಎಷ್ಟು ದಪ್ಪ ಇರ್ತೈತಿ, ಒಣಗಿದ ಮ್ಯಾಲ ಎಷ್ಟಾಗ್ತೈತಿ? ಇಣಿ ಸೀಳಿ ಹೋಗಿರ್ತೈತಿ. ಎರಿ ಮಣ್ಣಿನ ಜಿಗುಟು ನೀರು ಕುಡಿದು ಉಬ್ಬೂದು, ಒಣಗಿ ಕುಗ್ಗೂದು. ಅದರ ಗುಣ ಅದು, ಅದರ ತಪ್ಪಲ್ಲ. ಎರಿ ಮಣ್ಣಿನ ಟ್ರಿಪ್ ಲೆಕ್ಕಾನೂ ನಂಬೂದಕ್ಕ ಬರೂದಿಲ್ಲ. ಒಣ ಹೆಂಟಿ ಹೇರಿದ್ರ ಅರ್ಧ ಸಂದು. ನೀರು ಬಿದ್ದ ಕೂಡಲೆ ಗುಡ್ಡಿ ಕರಗಿ ಕೂತು ಬಿಡ್ತೈತಿ.

ನಾನು: ಹಂಗಾದ್ರ ಮಸಾರಿ.

ಕಾಕಾ: ಮಸಾರಿ ಒಂದು ಟ್ರಿಪ್. ಅದರಾಗ ಕೆರಿ ಗೋಡು ಹತ್ತು ಪುಟ್ಟಿ ಬೆರಸು, ಅದಕ್ಕಿಂತ ಹೆಚ್ಚು ಬ್ಯಾಡ. ಮಸಾರಿ ನೀರು ಬಿಡ್ತೈತಿ, ಗೋಡು ಹಿಡಿತೈತಿ. ಮೊದಲು ಬಾಟ್ಲಿ ತಗೊಂಡು ಪರೀಕ್ಷಾ ಮಾಡು. ಗಾಜಿನ ಬಾಟ್ಲ್ಯಾಗ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು. ಜೋರಾಗಿ ಅಲುಗಾಡಿಸಿ ಇಡು. ಉಸುಕು ಒಂದೆರಡು ನಿಮಿಷಕ್ಕ ತಳಕ್ಕ ಕೂರ್ತೈತಿ. ಅದರ ಮ್ಯಾಲ ನುಣ್ಣನ್ನ ಮಣ್ಣು ಎರಡು ತಾಸಿಗೆ. ಜಿಗುಟು ಮರುದಿನಕ್ಕೂ ನೀರಾಗ ತೇಲ್ತಿರ್ತೈತಿ. ಪಟ್ಟಿ ಪಟ್ಟಿ ಕಾಣ್ತಾವು. ಯಾವ ಪಟ್ಟಿ ಎಷ್ಟು ದಪ್ಪ ಅಂತ ನೋಡಿದ್ರ ಯಾವ ಮಣ್ಣು ಅಂತ ನಿನಗ ತಿಳಿತೈತಿ.

ನಾನು: ಅಷ್ಟಾದ್ರ ಸಾಕೇನ್ರಿ? ಸತ್ವ?

ಕಾಕಾ: ಅದು ಬಾಟ್ಲ್ಯಾಗ ಕಾಣೂದಿಲ್ಲ. ಹನುಮನಮಟ್ಟಿ ಏನು ದೂರ? ಕೃಷಿ ವಿಜ್ಞಾನ ಕೇಂದ್ರಕ್ಕ ಅರ್ಧ ಕೆಜಿ ಮಣ್ಣು ಒಯ್ದು ಕೊಡು. 2009ರಾಗ ಭೂಚೇತನ ಅಂತ ಸರ್ಕಾರ ಶುರು ಮಾಡ್ತು, ಇಕ್ರಿಸ್ಯಾಟ್‌ನವರು ಜೋಡಿ ಇದ್ರು. ಮೊದಲಿಗೆ ತಗೊಂಡ ಜಿಲ್ಲೆಗಳಾಗ ನಮ್ಮದೂ ಒಂದು. ಮಣ್ಣು ಪರೀಕ್ಷಾ ಮಾಡಿದ್ರ ಬಹಳ ಹೊಲದಾಗ ಗಂಧಕ, ಸತು, ಬೋರಾನ್ ಕಮ್ಮಿ. ಅಲ್ಲಿತನಕ ನಾವು ಯೂರಿಯಾ, ಡಿಎಪಿ ಅಂತ ಚೀಲದ ಮ್ಯಾಲ ಚೀಲ ಹಾಕ್ತಿದ್ವಿ. ಇಲ್ಲದ್ದು ಏನು ಅಂತ ಗೊತ್ತಿಲ್ಲದ, ಇದ್ದದ್ದನ್ನ ಹಾಕಿದ್ರ ಏನು ಬಂತು? ಮಣ್ಣು ಕೊಳ್ಳೋದೂ ಹಂಗ.

ನಾನು: ಪ್ಯಾಟ್ಯಾಗ ತಯಾರು ಮಣ್ಣಿನ ಚೀಲ ಸಿಗ್ತಾವಂತ. ತೆಂಗಿನ ನಾರಿನ ಪುಡಿ ಹಾಕಿದ್ದು.

ಕಾಕಾ: ರಾಣೆಬೆನ್ನೂರು ಕಡೆ ನರ್ಸರ್‍ಯಾಗ ಟ್ರೇ ತುಂಬಾಕ ಅದು ಛಲೋ. ಒಂದೊಂದು ಗುಣಿಗೆ ಒಂದು ಚಿಟಿಕಿ. ನಿನ್ನ ಮಡಿಗೆ ಹಾಕಿ ನೋಡು ಲೆಕ್ಕ. ಚೀಲದ ಮ್ಯಾಲ ಲೀಟರ್ ಬರದಿರ್ತಾರ. 28 ಲೀಟರಿಗೆ ಒಂದು ಘನ ಫೂಟು. 85 ಘನ ಫೂಟು ಅಂದ್ರ?

ನಾನು: 2,400 ಲೀಟರ್ ಹತ್ರ ಆತು.

ಕಾಕಾ: ಬ್ಯಾಡ ಬಿಡು. ಅಲ್ಲದ ನೀ ಹಚ್ಚೂದು ಬ್ಯಾಡಗಿ ಕಡ್ಡಿ. 2011ರಾಗ ಅದಕ್ಕ ಭೌಗೋಳಿಕ ಗುರುತು ಕೊಟ್ರು. ಗುರುತು ಕೊಟ್ಟದ್ದು ಕಾಯಿಗಷ್ಟ ಅಲ್ಲ, ಈ ಸೀಮಿಗೆ. ಈ ಬಿಸಿಲು, ಈ ನೆಲ, ಈ ಸುಕ್ಕು, ಈ ಬಣ್ಣ. ಅದನ್ನ ಇಲ್ಲಿಯ ಮಣ್ಣಿನ್ಯಾಗ ಬೆಳಸು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ರ್ಯಾಕ್ಟರ್ ಸಪ್ಪಳ ಕೇಳಿತು. ಒಂದೇ ಟ್ರಿಪ್ ಸಾಕು ಎಂದು ಫೋನ್ ಮಾಡಿ ಹೇಳಿದ್ದೆ. ಚಾಲಕರಿಗೆ ಬೇಸರವೇನೂ ಆಗಲಿಲ್ಲ. ಮಣ್ಣು ಎಲ್ಲಿಯದೆಂದು ಕಾಕಾ ಕೇಳಿದರು. ಊರ ಹೊರಗೆ ಹೊಸ ಮನೆಯೊಂದಕ್ಕೆ ಪಾಯಾ ತೆಗೆದದ್ದು ಎಂದರು.

ಕಾಕಾ: ಎಷ್ಟು ಆಳದ್ದು? ಮ್ಯಾಲಿನ ಒಂದೆರಡು ಫೂಟಿಂದೋ, ಐದು ಫೂಟು ಕೆಳಗಿಂದೋ?

ಮೇಲಿನದೇ, ಕೆಳಗೆ ಗರಸು ಬಂದಮೇಲೆ ಅದನ್ನು ಬೇರೆ ಹಾಕಿದ್ದೇವೆ ಎಂದರು ಚಾಲಕ. ಕಾಕಾ ಟ್ರೇಲರ್ ಮೇಲೆ ಹತ್ತಿ ಒಂದು ಹಿಡಿ ಮಣ್ಣು ತೆಗೆದು ನೋಡಿದರು. ಜೇಕಿನ ಗಡ್ಡೆ ಇದೆಯೇ, ಕರಕಿಯ ಬೇರು ಇದೆಯೇ, ಸವುಳಿನ ಬಿಳಿ ಪುಡಿ ಇದೆಯೇ ಎಂದು ಕೆದಕಿದರು. ಎರಡು ಜೇಕಿನ ಗಡ್ಡೆ ಸಿಕ್ಕವು.

ಕಾಕಾ: ಜೇಕು ಐತಿ. ಮಡಿಗೆ ಹಾಕುವಾಗ ಪುಟ್ಟಿ ಪುಟ್ಟಿ ಜಾಳಿಗಿ ಹಿಡಿರಿ. ಒಂದು ಗಡ್ಡಿ ಉಳಿದ್ರ ವರ್ಷದೊಳಗ ಮಡಿ ತುಂಬ ಆಗ್ತೈತಿ. ಮಗಳ, ಟೇಪು ತಗೊಂಡು ಮ್ಯಾಲ ಬಾ.

ಟ್ರೇಲರ್ ಅಳೆದೆವು. ಉದ್ದ 10 ಅಡಿ, ಅಗಲ 6 ಅಡಿ ಸರಿಯಾಗಿತ್ತು. ನಡುವೆ ಗುಡ್ಡೆ ಏರಿತ್ತು, ನಾಲ್ಕು ಮೂಲೆ ಇಳಿದಿದ್ದವು. ಸಲಿಕೆಯಿಂದ ಮಟ್ಟ ಮಾಡಿದೆವು. ಅಂಚಿಗಿಂತ ಒಂದು ಇಂಚು ಕೆಳಗೆ ನಿಂತಿತು. ಒಂದು ಇಂಚೆಂದರೆ ಅಲ್ಲಿ 5 ಘನ ಅಡಿ. ಸರಿಯಾಗಿ 85.

ನಾನು: ಕಾಕಾ, ನೀವು ಹೇಳಿದಷ್ಟ ಬಂತು!

ಕಾಕಾ: ಇವತ್ತು ಬಂತು. ಎಲ್ಲಾ ಸಲ ಬರೂದಿಲ್ಲ. ಅಳದ್ರ ಗೊತ್ತಾಗ್ತೈತಿ ಅಷ್ಟ. ಈಗ ಇದ್ದಲಿ ತಗೊಂಡು ಮಡಿ ಒಳಗ ಗ್ವಾಡಿಗೆ ಗೆರಿ ಹೊಡಿ, ಮ್ಯಾಲಿಂದ 2 ಇಂಚು ಕೆಳಗ. ಆ ಗೆರಿತನಕ ತುಂಬಿ ಬಿಡು. ರೋಹಿಣಿ ಮಳಿ, ಮಿರಗ ಎರಡೂ ಬೀಳಲಿ. ಎಷ್ಟು ಇಳಿತೈತಿ ಗೆರಿ ಹೇಳ್ತೈತಿ. ಇಳಿದಷ್ಟು ಜಾಗಕ್ಕ ಗೊಬ್ಬರ ಹಾಕು, ಮಣ್ಣು ಕೊಳ್ಳಬ್ಯಾಡ. ಆರಿದ್ರಾದಾಗ ಅಗಿ ಹಚ್ಚು. ಮತ್ತ ಮಡಿ ಒಳಗ ಯಾರೂ ಕಾಲಿಡಬ್ಯಾಡ್ರಿ, ತುಳಿದ್ರ ಚೀಲದ ಮೆಣಸಿನಕಾಯಿ ಆಗ್ತೈತಿ.

ನಾನು: ಹೇಳೂದರೊಳಗ ನಿಮ್ಮ ಮೊಮ್ಮಗ ಆ ಗುಡ್ಡ್ಯಾಗ ಕೂತಾನ ನೋಡ್ರಿ. ಎತ್ತು ಮಾಡ್ತಾನಂತ.

ಕಾಕಾ: ಏ ಬಾಳಾ, ಆ ಮಣ್ಣಿನ್ಯಾಗ ಎತ್ತು ನಿಲ್ಲೂದಿಲ್ಲೋ, ಕೊಂಬು ಉದುರ್ತಾವು. ಅಮಾಸಿ ಹಿಂದಿನ ದಿನ ಕೆರಿಗೆ ಹೋಗೂಣು. ನಿನಗ ಒಂದು ಪುಟ್ಟಿ ಎರಿ ಮಣ್ಣು ನಾ ತರತೀನಿ.